ನಾನು ದಾಟಿಸದೆ ಬಿಟ್ಟ ಮಾತು

ಸುವರ್ಣಾ, ನಿನಗೆ ಬಂದ ಒಂದು ಕರೆಯನ್ನು ನಾನು ನಿನಗೆ ಮುಟ್ಟಿಸಲಿಲ್ಲ. ನಾಲ್ಕು ವರ್ಷಗಳ ಹಿಂದೆ, ಇಂಗ್ಲೆಂಡಿನ ಹಳ್ಳಿಗಾಡಿನ ಆ ಪಾಳುಕೋಟೆಯಲ್ಲಿ, ಹೆಲೆನ್ ಎಂಬ ಗಾರೆ ಕೆಲಸದ ಹೆಂಗಸು ನಿನ್ನನ್ನು ಮೂರು ತಿಂಗಳ ಕಲಿಕೆಗೆ ಬಾ ಎಂದು ಕರೆದಳು. ನೀನು ಒಲ್ಲೆ ಅಂದೆ ಎಂದು ಅವಳು ತಿಳಿದುಕೊಂಡಳು. ಅವಳು ಕರೆದಳೆಂಬುದೇ ನಿನಗೆ ತಿಳಿಯಲಿಲ್ಲ. ನಿಮ್ಮಿಬ್ಬರ ನಡುವೆ ಎರಡೂ ಭಾಷೆ ಬಲ್ಲವಳು ಒಬ್ಬಳೇ ನಿಂತಿದ್ದಳು — ನಾನು.

ಮರೆತೆ ಅಂತಲ್ಲ. ಅವಳ ಇಂಗ್ಲಿಷು ತಿಳಿಯಲಿಲ್ಲ ಅಂತಲೂ ಅಲ್ಲ. ಹೊಟ್ಟೆಕಿಚ್ಚು. ಅದಕ್ಕೆ ಇನ್ನೊಂದು ಸಭ್ಯ ಹೆಸರು ಹುಡುಕುತ್ತ ನಾಲ್ಕು ವರ್ಷ ಕಳೆದೆ, ಸಿಗಲಿಲ್ಲ.

ನಾನು ಎಂಥವಳು ಅಂತ ನಿನಗೆ ಗೊತ್ತು. ಐದು ವರ್ಷ ಚರ್ಚಾಸ್ಪರ್ಧೆಗಳಲ್ಲಿ ನಿಂತವಳು. ಪರ ಕೊಟ್ಟರೆ ಪರ, ವಿರೋಧ ಕೊಟ್ಟರೆ ವಿರೋಧ — ಯಾವ ಕಡೆ ಕೊಟ್ಟರೂ ಗೆಲ್ಲಬೇಕು, ಅಷ್ಟೆ. ಹುಮನಾಬಾದಿನ ಗಂಜ್ ಮಾರುಕಟ್ಟೆಯಲ್ಲಿ ನಮ್ಮ ಅಪ್ಪನ ಅಡತಿ ಅಂಗಡಿಗೆ ಬರುವವರು ಕೂಡ "ಸಾವಕಾರ್ರ ಮಗಳ ಬಾಯಿಗೆ ಹತ್ತಬ್ಯಾಡ್ರಿ" ಅಂತ ನಗುತ್ತಿದ್ದರು. ನನಗೆ ಅದು ಬಿರುದು. ದೇವರಿದ್ದಾನೆ ಅಂದವರಿಗೆ ಸಾಕ್ಷಿ ಕೇಳಿದವಳು ನಾನು. ಹಾಗಾಗಿ ತಪ್ಪು ಒಪ್ಪಿಕೊಳ್ಳಲು ನನಗೆ ಗುಡಿ ಇಲ್ಲ, ಹುಂಡಿ ಇಲ್ಲ. ನಂಬಿಕೆ ಇಲ್ಲದವಳಿಗೆ ಉಳಿಯುವ ವಿಳಾಸ ಒಂದೇ, ಅನ್ಯಾಯಕ್ಕೊಳಗಾದವರ ಮನೆಯದು. ಬಸವಕಲ್ಯಾಣದ ಕೋಟೆಯ ಹಿಂದಿನ ಓಣಿ, ನಿನ್ನ ಮನೆ.

ಕಿಚ್ಚು ಇಂಗ್ಲೆಂಡಿನಲ್ಲಿ ಹತ್ತಲಿಲ್ಲ. ಆಯ್ಕೆಯ ದಿನವೇ ಹತ್ತಿತ್ತು. ಕೋಟೆಯಿರುವ ಊರುಗಳ ಯುವಕರು ಪರದೇಶದ ಕೋಟೆಗಳನ್ನು ನೋಡಿ ಬರಲಿ ಅಂತ ಒಂದು ಸಂಸ್ಥೆ ಎರಡು ವಾರದ ಪ್ರವಾಸ ಇಟ್ಟಿತ್ತಲ್ಲ — ಜಿಲ್ಲೆಯಿಂದ ನಾಲ್ಕು ಮಂದಿ. ನಾನು ಬುರುಜು, ಕಂದಕ, ಕಮಾನು ಎಲ್ಲವನ್ನೂ ಓದಿಕೊಂಡು ಹೋಗಿ ಕಾಲು ತಾಸು ಮಾತಾಡಿದೆ. ನಿನ್ನನ್ನು ಕೋಟೆಯ ಬಗ್ಗೆ ಏನು ಗೊತ್ತು ಎಂದು ಕೇಳಿದಾಗ ನೀನು ಆಡಿದ್ದು ಒಂದೇ ಮಾತು: "ಅದಕ್ಕ ನಮ್ಮಪ್ಪ ಗಚ್ಚು ಹಚ್ಯಾನ್ರಿ, ನಾ ಕುಟ್ಟಿ ಕೊಟ್ಟೀನಿ." ಸುಣ್ಣಕ್ಕೆ ಉಸುಕು ಬೆರೆಸಿ, ಬೆಲ್ಲದ ನೀರಿನಲ್ಲಿ ಕೊಳೆಸಿ, ದಿನಗಟ್ಟಲೆ ಕುಟ್ಟಿ ಹದ ಮಾಡುವ ಆ ಹಳೇ ಗಾರೆಯ ಹೆಸರು ಕೇಳಿದ್ದೇ ಆಯ್ಕೆ ಮಾಡುವವರ ಮುಖ ಅರಳಿತು. ಇಬ್ಬರೂ ಆಯ್ಕೆಯಾದೆವು, ಸರಿ. ಆದರೆ ನನ್ನ ಹೆಸರಿನ ಮುಂದೆ ಅವರು ಬರೆದಿದ್ದ ಟಿಪ್ಪಣಿ ನನ್ನ ಕಣ್ಣಿಗೆ ಬಿತ್ತು — ಇಂಗ್ಲಿಷ್ ಚೆನ್ನಾಗಿದೆ, ಉಳಿದವರಿಗೆ ದುಭಾಷಿಯಾಗಿಯೂ ಒದಗುತ್ತಾಳೆ. ಅಂದರೆ ನೀನು ಹೋಗುವವಳು. ನಾನು ನಿನ್ನ ಜೊತೆಗೆ ಹೋಗುವವಳು. ಹಾಗೆ ಓದಬೇಕಾಗಿರಲಿಲ್ಲ. ಹಾಗೇ ಓದಿಕೊಂಡೆ.

ಹೊರಡುವ ದಿನ ನಿಮ್ಮಪ್ಪ ಬಸ್‌ಸ್ಟ್ಯಾಂಡಿಗೆ ಬಂದು ರೊಟ್ಟಿ, ಶೇಂಗಾ ಹಿಂಡಿ ಚಟ್ನಿಯ ಗಂಟು ನಿನ್ನ ಕೈಗಿಟ್ಟು, ನನಗೆ ಕೈ ಮುಗಿದರು. ನನ್ನ ಅಪ್ಪನಿಗಿಂತ ಹಿರಿಯರು. "ಅಕಿಗಿ ಇಂಗ್ಲೀಷ್ ಬರಾಂಗಿಲ್ರಿ ಅಕ್ಕಾರ. ಅಲ್ಲಿ ಅಕಿ ಮಾತು ನೀವೇ ಆಡ್ರಿ." ಆಗಲಿ ಅಂದೆ. ನಗುತ್ತಲೇ ಅಂದೆ.

ಆ ಕೋಟೆಯನ್ನು ನೋಡಿದ ದಿನ ನಿನಗೂ ನೆನಪಿರಬೇಕು. ಇಕ್ಕಟ್ಟು ರಸ್ತೆ, ಎರಡೂ ಬದಿ ಬೇಲಿ, ಬೇಲಿಯಾಚೆ ಕುರಿ. ದಿನ್ನೆಯ ಮೇಲೆ ಚಾವಣಿಯಿಲ್ಲದ ನಾಲ್ಕು ಗೋಡೆ, ಅರ್ಧ ಉಳಿದ ಒಂದು ಬುರುಜು. ಒಳಗೆಲ್ಲ ಸಪಾಟಾಗಿ ಕತ್ತರಿಸಿದ ಹುಲ್ಲು. ನೀನು ಸುತ್ತ ನೋಡಿ ನನ್ನ ಕಿವಿಯಲ್ಲಿ, "ಇಷ್ಟಕ್ಕ ಕ್ವಾಟಿ ಅಂತಾರೇನ್ರಿ ಅಕ್ಕಾರ? ನಮ್ಮ ಕಲ್ಯಾಣದ ಕ್ವಾಟ್ಯಾಗ ಇಂಥವು ನಾಕು ಹಿಡಿತಾವ" ಅಂದೆ. ಇಷ್ಟು ಹುಲ್ಲಿಗೆ ಒಂದು ಎಮ್ಮಿನೂ ಕಟ್ಟಿಲ್ಲಲ್ಲ ಅಂತ ಬೇಜಾರು ಬೇರೆ. ನಾನು ನಕ್ಕೆ, ಅವರಿಗೆ ಹೇಳಲಿಲ್ಲ. ಅತಿಥಿಗಳು ಆಡಬಾರದ ಮಾತು ಅಂತ ಬಿಟ್ಟೆ. ಏನನ್ನು ದಾಟಿಸಬೇಕು, ಏನನ್ನು ಬಿಡಬೇಕು ಎಂಬ ಅಧಿಕಾರ ನನ್ನದು ಅಂತ ನನಗೆ ಮೊದಲು ರುಚಿ ಹತ್ತಿದ್ದು ಅಲ್ಲೇ ಏನೋ —

ಕೋಟೆ ತೋರಿಸುತ್ತಿದ್ದ ಮುದುಕ, ಬುರುಜಿನ ಸುರುಳಿ ಮೆಟ್ಟಿಲು ಬಲಕ್ಕೇ ತಿರುಗುವುದು ಮೇಲಿನಿಂದ ಕಾಯುವವನ ಕತ್ತಿಗೆ ಅನುಕೂಲವಾಗಲೆಂದು ಅಂತ ಹೇಳಿದ. ಸಾಕ್ಷಿ ಏನು ಅಂತ ಕೇಳಿದೆ. ಎಲ್ಲರೂ ಹೇಳುತ್ತಾರೆ ಅಂದ. ಎಲ್ಲರೂ ಹೇಳುವುದು ಸಾಕ್ಷಿ ಹೇಗಾಗುತ್ತದೆ, ಎಡಕ್ಕೆ ತಿರುಗುವ ಮೆಟ್ಟಿಲುಗಳು ಎಷ್ಟಿವೆ ಎಣಿಸಿದ್ದೀರಾ, ಎಂದು ಹಿಡಿದುಕೊಂಡೆ. ಕೊನೆಗೆ ಅವನು ಕೈಯೆತ್ತಿ, ನಿಜವಾಗಿ ಯಾರಿಗೂ ಗೊತ್ತಿಲ್ಲಮ್ಮ ಎಂದು ಒಪ್ಪಿಕೊಂಡ. ಗೆದ್ದೆ. ನನ್ನ ಗೆಲುವನ್ನು ಯಾರು ನೋಡಿದರು ಅಂತ ಹಿಂದಿರುಗಿ ನೋಡಿದರೆ ಹಿಂದೆ ಒಬ್ಬರೂ ಇರಲಿಲ್ಲ. ಎಲ್ಲರೂ ಪಡುವಣ ಗೋಡೆಯ ಹತ್ತಿರ ನಿನ್ನ ಸುತ್ತ ನಿಂತಿದ್ದರು.

ನೀನು ಗೋಡೆಯಿಂದ ಉದುರಿದ ಗಾರೆಯ ಎರಡು ಚೂರು ಎತ್ತಿಕೊಂಡಿದ್ದೆ. ಬೆರಳಲ್ಲಿ ತಿಕ್ಕಿ, ಒಂದನ್ನು ನಾಲಿಗೆಯ ತುದಿಗೆ ಮುಟ್ಟಿಸಿದೆ, ಆಮೇಲೆ ಇನ್ನೊಂದನ್ನು. ಜೊತೆಗಿದ್ದ ಬೀದರಿನ ಹುಡುಗರಿಬ್ಬರು ಮುಸಿಮುಸಿ ನಗುತ್ತಿದ್ದರು. ನೀನು ನನ್ನ ಕಡೆ ತಿರುಗಿ, "ಹಳೇ ಗಚ್ಚು ನಾಲಿಗಿಗೆ ಹಿಡಿತದ ನೋಡ್ರಿ, ಇದು ಹಿಡೀವಲ್ದು. ಇದರಾಗ ಸಿಮೆಂಟ್ ಅದ. ಗ್ವಾಡಿ ಒಳಗ ನೀರು ಕುಂತದ, ಹೊರಗ ಬರಾಕ ಹಾದಿ ಇಲ್ಲ" ಅಂದೆ. ಅದನ್ನು ಇಂಗ್ಲಿಷಿಗೆ ತಂದೆ — ನೆಟ್ಟಗೇ ತಂದೆ, ಯಾಕೆಂದರೆ ನೀನು ನಗೆಪಾಟಲಾಗುತ್ತೀ ಅಂತ ನನಗೆ ಖಾತ್ರಿಯಿತ್ತು.

ಗೋಡೆಗೆ ಕಟ್ಟಿದ ಸಾರವೆಯ ಮೇಲೆ ಕೆಲಸ ಮಾಡುತ್ತಿದ್ದ ಹೆಂಗಸು — ಅವಳೇ ಹೆಲೆನ್ — ಕೈ ನಿಲ್ಲಿಸಿದಳು. ಕೆಳಗಿಳಿದು ಬಂದಳು. ಐವತ್ತರ ಆಸುಪಾಸು, ಉಗುರ ಸಂದಿಯಲ್ಲೆಲ್ಲ ಸುಣ್ಣ. ಹಿಂದಿನ ತಲೆಮಾರಿನವರು ಸಿಮೆಂಟು ಮೆತ್ತಿ ಕೆಡಿಸಿದ್ದನ್ನು ತಾನು ಮೂರು ವರ್ಷದಿಂದ ಕೆತ್ತಿ ತೆಗೆಯುತ್ತಿದ್ದೇನೆ, ಇವಳಿಗೆ ಇದನ್ನು ಯಾರು ಹೇಳಿದರು ಎಂದು ಕೇಳಿದಳು. ನಾಲಿಗೆ ಹೇಳಿತು ಅಂತ ನಾನು ತಮಾಷೆಗೆ ಅಂದೆ. ಅವಳು ನಗಲಿಲ್ಲ. ತಾನೂ ಒಂದು ಚೂರು ತೆಗೆದು ನಾಲಿಗೆಗೆ ಮುಟ್ಟಿಸಿದಳು. ಆಮೇಲೆ ನಿನ್ನ ಕೈ ಹಿಡಿದು ಸಾರವೆ ಹತ್ತಿಸಿದಳು.

ಆ ಅರ್ಧ ತಾಸು, ಸುವರ್ಣಾ — ನನ್ನ ಪಾಲಿಗೆ ಎಲ್ಲ ನಡೆದದ್ದು ಆ ಅರ್ಧ ತಾಸಿನಲ್ಲಿ. ಅವಳು ಗಾರೆ ಹಚ್ಚುವ ಕರಣಿ ಕೊಟ್ಟಳು, ನೀನು ಹಿಡಿದೆ. ನೀನು ಗಾರೆಯನ್ನು ತಿರುವಿ ಮುಖ ಸಿಂಡರಿಸಿದೆ, ಅವಳು ನೀರು ಚಿಮುಕಿಸಿದಳು, ನೀನು ಮೊಳದಷ್ಟು ಗೋಡೆಗೆ ಹಚ್ಚಿದೆ. ಅವಳು ಇಂಗ್ಲಿಷಿನಲ್ಲಿ ಏನೋ ಅಂದಳು, ನೀನು ಕನ್ನಡದಲ್ಲಿ ಏನೋ ಅಂದೆ, ಇಬ್ಬರೂ ತಲೆಯಾಡಿಸಿದಿರಿ. ನಾನು ಕೆಳಗೆ ನಿಂತು ಕತ್ತು ಎತ್ತಿ ನೋಡುತ್ತಿದ್ದೆ. ಒಮ್ಮೆಯಾದರೂ "ಅಕ್ಕಾರ, ಇಕಿ ಏನಂತಾಳ" ಅಂತ ನೀನು ಕೂಗಬಹುದೆಂದು ಕಾದೆ. ಕೂಗಲಿಲ್ಲ. ನಿಮಗೆ ನಾನು ಬೇಕಾಗಿರಲಿಲ್ಲ. ಇಪ್ಪತ್ತೆರಡು ವರ್ಷ ಮಾತನ್ನೇ ಕಲಿತು ಅಲ್ಲಿಗೆ ಹೋದವಳು ನಾನು. ಮಾತಿಲ್ಲದೆ ನಡೆಯುವ ಒಂದು ಕೆಲಸದ ಹೊರಗೆ ನಿಂತಿದ್ದೆ.

ನನಗಿಂತ ಹೆಚ್ಚು ಉಳ್ಳವರ ಮೇಲೆ ನಾನು ಯಾವತ್ತೂ ಹೊಟ್ಟೆಕಿಚ್ಚು ಪಟ್ಟಿರಲಿಲ್ಲ. ನಿನ್ನ ಮೇಲೆ ಪಟ್ಟೆ — ನನ್ನ ಹಳೇ ಸ್ವೆಟರು ಹಾಕಿಕೊಂಡು ಬಂದಿದ್ದ ನಿನ್ನ ಮೇಲೆ. ನನ್ನ ಸ್ವೆಟರಿನ ತೋಳಿಗೆ ಸುಣ್ಣ ಹತ್ತುತ್ತಿದೆಯಲ್ಲ ಎಂಬ ಸಿಟ್ಟು ಕೂಡ ಬಂತು. ಅಷ್ಟು ಸಣ್ಣವಳಾಗಿದ್ದೆ.

ಕೆಳಗಿಳಿದ ಮೇಲೆ ಹೆಲೆನ್‌ಗೆ ನಾನು ಬೇಕಾದೆ. ನನ್ನ ಕಡೆ ತಿರುಗಿ ಐದಾರು ವಾಕ್ಯ ಹೇಳಿದಳು. ಅವಳು ಹೇಳಿದ್ದಷ್ಟನ್ನೂ ಕೊನೆಯಲ್ಲಿ ಬರೆಯುತ್ತೇನೆ. ನಾನು ನಿನಗೆ ಹೇಳಿದ್ದು ಮಾತ್ರ ಇಷ್ಟು: "ಬ್ಯಾಸಗ್ಯಾಗ ಮತ್ತ ಬರ್ತೀಯೇನು ಅಂತ ಕೇಳಾಕತ್ತಾಳ."

ನಮ್ಮ ಕಡೆ ಹೊಸಿಲು ದಾಟುವ ಯಾರಿಗಾದರೂ "ಮತ್ತ ಬರ್ರಿ" ಅನ್ನುತ್ತೇವೆ. ಬರಲಿ ಅಂತ ಅಲ್ಲ, ಅದೊಂದು ರೀತಿ. ಅದಕ್ಕೆ ಕೊಡುವ ಉತ್ತರವೂ ಎಲ್ಲರಿಗೂ ಬಾಯಿಪಾಠ. ನೀನು ಏನನ್ನುತ್ತೀ ಅಂತ ನೀನು ಬಾಯಿ ತೆರೆಯುವ ಮೊದಲೇ ನನಗೆ ಗೊತ್ತಿತ್ತು. ನೀನು ನಾಚಿಕೊಂಡು ನಕ್ಕು, "ನೋಡೂಣ್ರಿ ಅಂತ ಹೇಳ್ರಿ" ಅಂದೆ.

ನೋಡೋಣ ಅನ್ನುತ್ತಾಳೆ, ಎಂದು ಅವಳಿಗೆ ಹೇಳಿದೆ. ಅಕ್ಷರಕ್ಕೆ ಅಕ್ಷರ. ಹೆಲೆನ್ ನಿನ್ನ ನಗುವನ್ನು ಒಂದು ಕ್ಷಣ ನೋಡಿದಳು. ಮೂರು ತಿಂಗಳ ಕಲಿಕೆಗೆ, ಇಷ್ಟು ದೊಡ್ಡ ಕರೆಗೆ, ಒಂದು ನಗು, ಒಂದು ನೋಡೋಣ. ಅವಳ ಮುಖ ಸ್ವಲ್ಪ ಇಳಿಯಿತು. ಮನಸ್ಸು ಬದಲಾದರೆ ಬರೆಯಲಿ ಅಂತ ವಿಳಾಸವಿದ್ದ ಒಂದು ಹಾಳೆಯನ್ನು ನನ್ನ ಕೈಗೆ ಕೊಟ್ಟಳು, ನಿನಗೆ ಕೊಡು ಅಂತ. ಅದನ್ನು ಮಡಚಿ ನನ್ನ ಚೀಲಕ್ಕೆ ಹಾಕಿಕೊಂಡೆ. ವಾಪಸು ಬಸ್ಸಿನಲ್ಲಿ ಉಳಿದ ರೊಟ್ಟಿ ಮುರಿದು ನನಗರ್ಧ ಕೊಡುತ್ತ ನೀನು, ಆ ಹೆಣ್ಮಗಳ ಕೈ ಥೇಟ್ ನಮ್ಮಪ್ಪನ ಕೈ ಇದ್ದಂಗ ಅದ ಅಂದೆ. ರೊಟ್ಟಿ ತಿಂದೆ.

ಈಗ ನನ್ನ ವಕಾಲತ್ತು ಕೇಳು. ನಾಲ್ಕು ವರ್ಷ ದಿನವೂ ಒಳಗೇ ನಡೆಸಿದ್ದು. ನಾನು ಒಂದೂ ಸುಳ್ಳು ಹೇಳಿಲ್ಲ. ಬೇಸಿಗೆಗೆ ಬರುತ್ತೀಯಾ ಅಂತ ಅವಳು ಕೇಳಿದ್ದು ನಿಜ, ನೋಡೋಣ ಅಂತ ನೀನು ಹೇಳಿದ್ದು ನಿಜ. ಇದನ್ನು ಯಾವ ವೇದಿಕೆಯಲ್ಲಿ ಬೇಕಾದರೂ ನಿಂತು ಗೆಲ್ಲಬಲ್ಲೆ. ಗೆಲ್ಲಬಲ್ಲೆ ಅನ್ನುವುದೇ ನನ್ನ ವಿರುದ್ಧದ ದೊಡ್ಡ ಸಾಕ್ಷಿ. ಸುಳ್ಳು ಹೇಳಿದ್ದರೆ ಅದು ಬಾಯಿ ತಪ್ಪಿ ಬಂದದ್ದು ಅನ್ನಬಹುದಿತ್ತು; ಇಷ್ಟು ನಿಖರವಾಗಿ ನಿಜಗಳನ್ನು ಆರಿಸಿ ಜೋಡಿಸಿದವಳು ಏನು ಮಾಡುತ್ತಿದ್ದೇನೆಂದು ತಿಳಿದೇ ಮಾಡಿದ್ದಾಳೆ. ಇನ್ನೊಂದು ವಾದವೂ ಇತ್ತು. ನಿಮ್ಮಪ್ಪ ಹೇಗೂ ಕಳಿಸುತ್ತಿರಲಿಲ್ಲ ಅಂತ. ಕಳಿಸುತ್ತಿರಲಿಲ್ಲ ಅನ್ನುವುದಕ್ಕೆ ಸಾಕ್ಷಿ? ಒಮ್ಮೆ ಕಳಿಸಿದ್ದರು. ಕೈ ಮುಗಿದು ಕಳಿಸಿದ್ದರು, ನನ್ನ ಜೊತೆ.

ಹೋದ ತಿಂಗಳು ಹುಮನಾಬಾದಿನ ಬಸ್‌ಸ್ಟ್ಯಾಂಡಿನಲ್ಲಿ ನೀನು ಸಿಕ್ಕೆ. ಬೆಳಗಿನ ಪಾಳಿ, ನೀನೀಗ ದುಡಿಯುವ ಔಷಧಿ ಗುಳಿಗೆ ಕಂಪನಿಯ ನೀಲಿ ಟೊಪ್ಪಿಗೆ ಕೈಯಲ್ಲಿತ್ತು. ಅಪ್ಪನ ಕೈ ನಡುಗುತ್ತದೆ, ಗಚ್ಚಿನ ಕೆಲಸ ಬಿಟ್ಟರು, ಈಗ ಕರೆಯುವವರೆಲ್ಲ ಸಿಮೆಂಟಿಗೇ ಕರೆಯುತ್ತಾರೆ ಅಂದೆ. ನಿನ್ನ ಉಗುರುಗಳು ಸ್ವಚ್ಛವಾಗಿದ್ದವು. ನಾನು ಅದನ್ನೇ ನೋಡುತ್ತಿದ್ದೆ. ಹೋಗುವಾಗ ನೀನು ನನ್ನ ಕೈ ಹಿಡಿದು, "ಅಲ್ಲಿ ನನ್ನ ಬಾಯಿ ನೀವೇ ಆಗಿದ್ರಿ ಅಕ್ಕಾರ, ಮರಿಯಾಂಗಿಲ್ಲ" ಅಂದೆ.



ಆ ಸಂಜೆ ಹಳೇ ಫೈಲಿನಿಂದ ಆ ಹಾಳೆ ತೆಗೆದು ಹೆಲೆನ್‌ಗೆ ಬರೆದೆ, ನಡೆದದ್ದನ್ನೆಲ್ಲ. ಮೊನ್ನೆ ಉತ್ತರ ಬಂತು. ನನ್ನನ್ನು ಅವಳು ಬೈದಿಲ್ಲ, ಕ್ಷಮಿಸಿಯೂ ಇಲ್ಲ. ನನ್ನ ಬಗ್ಗೆ ಒಂದು ಸಾಲೂ ಇಲ್ಲ. ಆ ಕಲಿಕೆ ನಿಂತು ಎರಡು ವರ್ಷವಾಯಿತಂತೆ, ಅವಳಿಗೀಗ ಸಾರವೆ ಹತ್ತಲು ಮೊಣಕಾಲು ಬಿಡುವುದಿಲ್ಲವಂತೆ. ನೀನು ಹಚ್ಚಿದ್ದ ಮೊಳದಷ್ಟು ಜಾಗ ನಾಲ್ಕು ಚಳಿಗಾಲ ಕಳೆದರೂ ಬಿರಿದಿಲ್ಲ, ಅದನ್ನು ಆ ಹುಡುಗಿಗೆ ಹೇಳು ಎಂದು ಬರೆದಿದ್ದಾಳೆ. ಈ ಸಲ ಹೇಳುತ್ತಿದ್ದೇನೆ.

ಹೀಗಾಗಿ ನಿನಗೆ ಹಿಂದಿರುಗಿಸಲು ನನ್ನ ಹತ್ತಿರ ಏನೂ ಇಲ್ಲ. ಇರುವುದು ಅವಳ ಮಾತು. ಅವತ್ತು ಹುಲ್ಲಿನ ಮೇಲೆ ನಿಂತು ಅವಳು ಆಡಿದ್ದು ಇದು. ಒಂದು ಪದ ಬಿಟ್ಟಿಲ್ಲ, ಒಂದು ಪದ ಸೇರಿಸಿಲ್ಲ:

"ಈ ಹುಡುಗಿಯ ಕೈಗೆ ಸುಣ್ಣ ಗೊತ್ತು. ನಾನು ಬೇಸಿಗೆಯಲ್ಲಿ ಮೂರು ತಿಂಗಳು ಈ ಕೆಲಸ ಕಲಿಸುತ್ತೇನೆ. ಮುಂದಿನ ವರ್ಷ ಒಂದು ಜಾಗ ಇವಳದು. ಇರುವುದು, ಉಣ್ಣುವುದು, ಬಂದು ಹೋಗುವುದು ನಮಗೆ ಬಿಡಲಿ. ಇವಳಿಂದ ನಾನು ಕಲಿಯಬೇಕಾದ್ದೂ ಇದೆ, ಅದನ್ನು ತಪ್ಪದೆ ಹೇಳು. ಬರುತ್ತಾಳಾ ಕೇಳು."

ಭಾನುವಾರ ರಜೆ ಅಂತ ನೀನೇ ಅಂದಿದ್ದೆ. ಮೊದಲ ಬಸ್ಸಿಗೆ ಕಲ್ಯಾಣಕ್ಕೆ ಬರುತ್ತೇನೆ. ಈ ಕಾಗದ ಅದಕ್ಕೂ ಮೊದಲೇ ಅಂಚೆಯಲ್ಲಿ ನಿನಗೆ ಮುಟ್ಟಿರುತ್ತದೆ. ಆ ಹಾಳೆ, ಹೆಲೆನ್‌ಳ ಉತ್ತರ — ಎರಡನ್ನೂ ನಿನ್ನ ಕೈಗೆ ಕೊಟ್ಟು, ನಿಮ್ಮಪ್ಪನೆದುರಿಗೆ ಇದನ್ನೆಲ್ಲ ಬಾಯಿಬಿಟ್ಟು ಹೇಳುತ್ತೇನೆ. ವಾದಿಸುವುದಿಲ್ಲ. ಚಹಾ ಕುಡಿ ಅನ್ನಬೇಡ. ನೀನು ಏನಂದರೂ ಕೇಳಿಕೊಂಡು ಏಳುತ್ತೇನೆ. ನಾನು ಹೊಸಿಲು ದಾಟುವಾಗ ಮಾತ್ರ, ಸುವರ್ಣಾ — ಬರೀ ರೂಢಿಗೆ ಅಂತ "ಮತ್ತ ಬರ್ರಿ" ಅನ್ನಬೇಡ.