ಉಪ್ಪುನೀರಿನ ಇಲಿಗಳು

ಧಾರವಾಡದಲ್ಲಿ ಔಷಧಶಾಸ್ತ್ರ ಓದುವಾಗ ನನ್ನ ಪದವಿ ಹನ್ನೆರಡು ಇಲಿಗಳ ನೆನಪಿನ ಮೇಲೆ ನಿಂತಿತ್ತು. ಮಿದುಳಿನಲ್ಲಿ ಗ್ಲುಟಮೇಟ್ ಎಂಬ ರಾಸಾಯನಿಕವನ್ನು ಬರಮಾಡಿಕೊಳ್ಳುವ ಗ್ರಾಹಕಗಳಿವೆ. ಅವಕ್ಕೆ ಅಡ್ಡಗಾಲು ಹಾಕುವ ಔಷಧ ಕೊಟ್ಟರೆ ಇಲಿ ತೂರಾಡುತ್ತದೆ, ಕಲಿತದ್ದನ್ನು ಮರೆಯುತ್ತದೆ. ಇದು ಎಲ್ಲರಿಗೂ ಗೊತ್ತಿದ್ದ ಸಂಗತಿ. ಗೊತ್ತಿದ್ದದ್ದನ್ನೇ ಮತ್ತೆ ತೋರಿಸುವುದಕ್ಕೆ ನಮ್ಮಲ್ಲಿ ಸಂಶೋಧನೆ ಎನ್ನುತ್ತಾರೆ.

ಆರು ಇಲಿಗಳಿಗೆ ಔಷಧದ ಸೂಜಿ, ಹೋಲಿಸಿ ನೋಡಲೆಂದು ಆರಕ್ಕೆ ಬರೀ ಉಪ್ಪುನೀರಿನದು. ಆಮೇಲೆ ಹಸಿದ ಹೊಟ್ಟೆಯಲ್ಲೇ ಕವಲುದಾರಿಗಳ ಪೆಟ್ಟಿಗೆಗೆ ಬಿಟ್ಟು, ತಿನಿಸಿಟ್ಟ ಜಾಗ ನೆನಪಿದೆಯೇ ಎಂದು ನೋಡಬೇಕು. ಮೂರು ವಾರ ನೋಡಿದೆ. ಔಷಧದವು ಓಲಾಡುತ್ತಲೇ ಹೇಗೋ ತಿನಿಸು ಮುಟ್ಟಿದವು. ಉಪ್ಪುನೀರಿನವು ಬಾಗಿಲಲ್ಲೇ ಕೂತು ಮೀಸೆ ತೀಡಿಕೊಂಡವು. ಮರೆವಿನ ಮದ್ದು ನೆನಪು ಹೆಚ್ಚಿಸಿತೆಂದು ನನ್ನ ಗೈಡ್ ನೆಲಬಿಟ್ಟು ಕುಣಿದರು. ನಾನೂ ಪ್ರಬಂಧಕ್ಕೆ ಶೀರ್ಷಿಕೆ ಹುಡುಕಲು ಕೂತೆ.

ಒಂದು ಮಧ್ಯಾಹ್ನ, ನೆನಪಿನ ಸಂಶೋಧಕಿಯಾದ ನಾನು ಮೊಬೈಲ್ ಮರೆತು ಇಲಿಗಳ ಕೋಣೆಗೆ ಮರಳಿದೆ. ಗೂಡು ತೊಳೆಯುವ ಕಾಕಾ ಅಮರಗೋಳದಿಂದ ತಂದ ಬುತ್ತಿ ಬಿಚ್ಚಿ, ಉಪ್ಪುನೀರಿನ ಗೂಡುಗಳಿಗೆ ರೊಟ್ಟಿ ಮುರಿದು ಹಾಕುತ್ತಿದ್ದರು.

“ಕಾಕಾ, ಏನ್ ಮಾಡಾಕತ್ತೀರಿ!”

“ಹಸದವರ ಮುಂದ ನಾ ಒಬ್ಬನ ಹ್ಯಾಂಗ ಉಣ್ಣಲಿರಿ? ಆ ಕಡೇವಕ್ಕ ನೀವು ನಶಾನರ ಏರಸ್ತೀರಿ. ಇವಕ್ಕ ನಶಾನೂ ಇಲ್ಲ, ಊಟಾನೂ ಇಲ್ಲ.”

ಉಪ್ಪುನೀರಿನವು ಜಾಗ ಮರೆತಿರಲಿಲ್ಲ, ಹೊಟ್ಟೆ ತುಂಬಿ ಕೂತಿದ್ದವು. ಮುಚ್ಚಿಟ್ಟರೆ ಸುಳ್ಳು ಪದವಿ, ಬಿಚ್ಚಿಟ್ಟರೆ ಗುತ್ತಿಗೆ ಮೇಲಿದ್ದ ಕಾಕಾನ ಕೆಲಸಕ್ಕೆ ಕುತ್ತು. ಮರುದಿನ ಗೈಡ್ ಮುಂದೆ ನಿಂತು, ಉಪ್ಪುನೀರಿನವಕ್ಕೆ ನಾನೇ ಮರೆತು ತಿನಿಸು ಹಾಕಿದೆನೆಂದೆ.

“ಇಲಿಕಿಂತ ಮೊದಲ ನಿಮ್ಮ ನೆನಪು ಪರೀಕ್ಷಾ ಮಾಡಬೇಕಿತ್ತು ನೋಡ್ರಿ,” ಎಂದರು ಅವರು. ಹೊಸ ಇಲಿಗಳು ಬಂದವು, ಮತ್ತೆ ಮೂರು ವಾರದ ಪರೀಕ್ಷೆ. ಇನ್ನು ರೊಟ್ಟಿ ಹಾಕಬೇಡಿ ಎಂದದ್ದಕ್ಕೆ ಕಾಕಾ ಒಂದೇ ಮಾತಿಗೆ ಒಪ್ಪಿದರು. ಬಡವನೊಬ್ಬನ ಅನ್ನ ಉಳಿಸಿದೆನೆಂದು ನಾನು ಒಳಗೊಳಗೇ ಬೀಗಿದೆ.

ಈ ಸಲ ಔಷಧದ ಇಲಿಗಳು ಪುಸ್ತಕದಲ್ಲಿ ಬರೆದಂತೆಯೇ ಮರೆತವು. ಕೊನೆಯ ದಿನ, ಪರೀಕ್ಷೆ ಮುಗಿಸಿ ಎಲ್ಲ ಇಲಿಗಳಿಗೂ ತಿನಿಸು ಹಾಕಿದಾಗ ನಾಲ್ಕು ಹೊಡೆದಿತ್ತು. ಕಾಕಾ ಆಗ ಕೈ ತೊಳೆದು ಬುತ್ತಿ ಬಿಚ್ಚಿದರು.

“ಇಷ್ಟ ಹೊತ್ತಿಗೆ ಊಟೇನ್ರಿ?”

“ದಿನಾ ಹಿಂಗ ಐತ್ರಿ. ಹಾಕಬ್ಯಾಡಂದ್ರಿ ನೀವು. ಅದಕ್ಕ ಅವು ಉಂಡ ಮ್ಯಾಲೆ ನಾ ಉಣ್ಣತೇನಿ.”

ಆ ಮೂರು ವಾರವೂ ನಾನು ಒಂದು ಗಂಟೆಗೆ ಸರಿಯಾಗಿ ಕ್ಯಾಂಟೀನಿನಲ್ಲಿ ಉಂಡು ಬಂದು, ಅದೇ ಕೋಣೆಯಲ್ಲಿ ನಿಂತು ‘ಎಲ್ಲವೂ ಹಸಿದಿವೆ’ ಎಂದು ಬರೆದುಕೊಂಡಿದ್ದೆ.