ಗ್ರೀಸಣ್ಣನ ಅಂಗಳದ ಕಪ್ಪು ಮಣ್ಣು

ಗ್ರೀಸಣ್ಣನ ನಿಜವಾದ ಹೆಸರು ನಮ್ಮ ಬೀದಿಯಲ್ಲಿ ಗೊತ್ತಿರುವುದು ಅವನ ಅಕ್ಕನಿಗೆ ಮಾತ್ರ. ಅವಳೂ ಸಿಟ್ಟು ಬಂದಾಗಷ್ಟೇ ಅದನ್ನು ಹೊರಗೆ ತೆಗೆಯುತ್ತಾಳೆ. ಮೂವತ್ತು ವರ್ಷದಿಂದ ಅವನು ಸ್ಕೂಟರ್ ರಿಪೇರಿ ಮಾಡುವ ಗ್ಯಾರೇಜಿನ ಎದುರಿಗೇ ನನ್ನ ಬಿಡಿಭಾಗಗಳ ಅಂಗಡಿ. ಇಂಜಿನ್ ಆಯಿಲ್ ಮಾರುವವನು ನಾನು, ಹಾಕುವವನು ಅವನು. ಹಳೆಯ ಆಯಿಲ್ ಎಲ್ಲಿಗೆ ಹೋಗುತ್ತದೆಂದು ನಾನೂ ಕೇಳಿರಲಿಲ್ಲ. ಕೇಳಿದರೆ ವ್ಯಾಪಾರ ಹೆಚ್ಚುತ್ತದೆಯೇ?

ಅದು ಹೋಗುತ್ತಿದ್ದದ್ದು ಅವನ ಅಂಗಳಕ್ಕೆ. ಅವನಪ್ಪ ಕಲಿಸಿದ ಪದ್ಧತಿ: ಇಳಿಸಿದ ಕಪ್ಪು ಆಯಿಲನ್ನು ಮಣ್ಣಿಗೆ ಸುರಿದರೆ ಧೂಳು ಏಳುವುದಿಲ್ಲ, ಬೇಲಿಯ ಗೂಟಕ್ಕೆ ಗೆದ್ದಲು ಹತ್ತುವುದಿಲ್ಲ. "ನೋಡಿ ಸಾಹುಕಾರ್ರೇ, ಸಿಮೆಂಟಿಲ್ಲದ ಸಿಮೆಂಟು," ಎಂದು ನುಣ್ಣನೆಯ ನೆಲಕ್ಕೆ ಚಪ್ಪಲಿ ತಿಕ್ಕಿ ತೋರಿಸುತ್ತಿದ್ದ.

ಅಂಗಳ ಹಿಂದಕ್ಕೆ ಇಳಿಜಾರು. ಕೆಳಗೆ ಅಕ್ಕನ ಮನೆ, ಅವಳು ಸಸಿ ಬೆಳೆಸಿ ಮಾರುವ ತೋಟ, ತೋಟಕ್ಕೆ ನೀರು ಕೊಡುವ ಬಾವಿ. ತಾಯಿಯಿಲ್ಲದ ಅವನನ್ನು ಸಾಕಿದವಳು ಅವಳೇ. ತಲೆ ನರೆತರೂ ಅವನ ಮಧ್ಯಾಹ್ನದ ಊಟ ಅವಳ ಅಡುಗೆಮನೆಯಲ್ಲೇ.

ಒಮ್ಮೆ ಗ್ರೀಸಣ್ಣನಿಗೆ ಅಕ್ಕನ ಮೇಲೆ ಪ್ರೀತಿ ಉಕ್ಕಿತು. ಹೊಸ ಶೆಡ್ಡಿಗೆ ಪಾಯ ತೋಡಿದಾಗ ಎದ್ದ ಅಂಗಳದ ಮಣ್ಣು ಕರ್ರಗೆ, ಜಿಡ್ಡುಜಿಡ್ಡಾಗಿ, ಭಾರಿ ಫಲವತ್ತಾಗಿ ಕಂಡಿತು. ಹತ್ತು ಬುಟ್ಟಿ ಹೊತ್ತು, ಅವಳಿಲ್ಲದ ಹೊತ್ತು ನೋಡಿ, ಟೊಮೆಟೊ ಸಸಿಗಳ ಮಡಿಗೆ ಹರಡಿದ. ವಾರದೊಳಗೆ ಸಸಿಗಳು ಸೊರಗಿದವು. ಹಾಕಿದ ನೀರು ಇಂಗಲಿಲ್ಲ. ಮಣ್ಣಿನ ಮೇಲೇ ನಿಂತು ಕಾಮನಬಿಲ್ಲಿನ ಬಣ್ಣ ತೋರಿಸಿತು. ಅಕ್ಕ ಒಂದು ಹಿಡಿ ಎತ್ತಿ ಮೂಸಿದಳು.

"ಏನೋ ಇದು?"

"ಗೊಬ್ಬರದಂಥ ಮಣ್ಣು ಅಂದ್ಕೊಂಡೆ ಅಕ್ಕಾ."

"ನಿನ್ನ ಸ್ಕೂಟರು ಸಗಣಿ ಬೇರೆ ಹಾಕುತ್ತೇನೋ?"

ನಗು ಅಲ್ಲಿಗೇ ನಿಂತಿತು. ಅಕ್ಕನ ಕಣ್ಣು ಅಂಗಳದಿಂದ ಇಳಿಜಾರು ಹಿಡಿದು ಬಾವಿಯವರೆಗೆ ಬಂತು. ಬಕೆಟ್ ಎಳೆದು ನೋಡಿದರೆ ನೀರಿನ ಮೇಲೂ ಅದೇ ಬಣ್ಣದ ತೆಳು ಪೊರೆ. ಪ್ರತಿ ಮಳೆಯಲ್ಲೂ ಅಂಗಳ ತೊಳೆದ ನೀರು ಅತ್ತಲೇ ಇಳಿದಿತ್ತು. ಮಣ್ಣಿನೊಳಗೂ ಅಷ್ಟಷ್ಟೇ ಜಿನುಗಿತ್ತು. ಅಂದಿನಿಂದ ತೋಟಕ್ಕೂ ಮನೆಗೂ ಟ್ಯಾಂಕರ್ ನೀರು.

ಅವನ ನಿಜವಾದ ಹೆಸರು ಹಿಡಿದು ಕರೆದು ಅಕ್ಕ ಹೇಳಿದಳು: "ಮುಂದಿನ ಮಳೆಗಾಲ ಮುಗಿಯೋದ್ರೊಳಗೆ ಬಾವಿ ಸರಿಹೋಗ್ಬೇಕು. ಇಲ್ಲಾಂದ್ರೆ ಊರಾಚೆ ಜಾಗ ನೋಡಿದೀನಿ. ಗಿಡಗಳ ಜೊತೆ ನಾನೂ ಹೊರಡ್ತೀನಿ."

ಬಯ್ಯುವ ಅಕ್ಕನನ್ನು ಅವನು ದಿನಾ ಕಂಡಿದ್ದ, ಹೊರಡುವ ಅಕ್ಕನನ್ನು ಕಂಡಿರಲಿಲ್ಲ. ಆರೋಗ್ಯ ಇನ್‌ಸ್ಪೆಕ್ಟರನ್ನು ತಾನೇ ಮನೆಗೆ ಕರೆತಂದ. ತಪ್ಪು ಮಾಡಿದವನೇ ಬಂದು ಕರೆದದ್ದು ಆ ಪುಣ್ಯಾತ್ಮನಿಗೂ ಹೊಸದು. ಅವರು ಬಾವಿಯ ನೀರು ಪರೀಕ್ಷೆ ಮಾಡಿಸಿದರು. ಆಯಿಲ್ ಇರುವುದು ಖಾತ್ರಿಯಾಯಿತು.

ಅವರು ಹೇಳಿದಂತೆ ಗ್ರೀಸಣ್ಣ ಅಂಗಳದ ಮಣ್ಣನ್ನು ಮೊಣಕಾಲಾಳಕ್ಕೆ ಅಗೆಸಿ, ಡ್ರಮ್ಮುಗಳಿಗೆ ತುಂಬಿ, ಅಂಥ ವಿಷದ ಕಸವನ್ನು ಸಂಸ್ಕರಿಸುವ ಘಟಕಕ್ಕೆ ಕಳಿಸಿದ. ಬಾವಿಯ ನೀರನ್ನೂ ಮೋರಿಗೆ ಬಿಡದೆ ಘಟಕದ ಟ್ಯಾಂಕರಿಗೇ ಎಳೆಸಿದ. ಅಂಗಳಕ್ಕೆ ಕಾಂಕ್ರೀಟು ಬಂತು, ಅಂಚಿಗೆ ಗೇಣೆತ್ತರದ ಕಟ್ಟೆ, ಚೆಲ್ಲಿದ್ದನ್ನು ಹೀರಲು ಮರದ ಹೊಟ್ಟು. ಹಳೆಯ ಆಯಿಲಿಗೆ ಮುಚ್ಚಳದ ಡ್ರಮ್ಮು ಇಟ್ಟ. ತುಂಬಿದ ಡ್ರಮ್ಮನ್ನು ಆಯಿಲ್ ಶುದ್ಧಿ ಮಾಡುವ ಕಾರ್ಖಾನೆಯವರು ಒಯ್ಯುತ್ತಾರೆ. ನನ್ನ ಅಂಗಡಿಯ ಮುಂದೂ ಅಂಥದೊಂದು ನಿಂತಿತು, ಬೇರೆ ಗ್ಯಾರೇಜಿನವರು ಹಳೆಯದನ್ನು ತಂದು ಹಾಕಲೆಂದು. ಅದು ನನ್ನ ಒಳ್ಳೆಯ ಬುದ್ಧಿ ಅಂದುಕೊಳ್ಳಬೇಡಿ. ಅಕ್ಕ ಗಲ್ಲಾಪೆಟ್ಟಿಗೆಯ ಮುಂದೆ ಬಂದು ನಿಂತಿದ್ದಳು.

ಮಳೆಗಾಲ ಮುಗಿಯಿತು. ಗ್ರೀಸಣ್ಣ ಬಾವಿಯ ನೀರನ್ನು ತಾನೇ ಪ್ರಯೋಗಾಲಯಕ್ಕೆ ಒಯ್ದು ಕೊಟ್ಟ. ವರದಿ ಬಂತು: ಆಯಿಲ್ ಮೊದಲಿಗಿಂತ ಹೆಚ್ಚು! ಅಕ್ಕ ಸಸಿಗಳನ್ನು ಕ್ರೇಟುಗಳಿಗೆ ಜೋಡಿಸತೊಡಗಿದಳು. ಇವನು ಬಂದು ನನ್ನ ಸ್ಟೂಲಿನ ಮೇಲೆ ಕುಸಿದು ಕೂತ.

"ಕಣ್ಣಿಗೆ ನೀರು ತಿಳಿಯಾಗೇ ಇದೆ. ಹೆಚ್ಚು ಹೇಗಾಯ್ತು ಸಾಹುಕಾರ್ರೇ?"

"ಯಾವುದರಲ್ಲಿ ಒಯ್ದೆ ನೀರು?"

"ನಿಮ್ಮಂಗಡಿ ಖಾಲಿ ಕ್ಯಾನಲ್ಲೇ. ಮೂರು ಸಲ ಸೋಪು ಹಾಕಿ ತೊಳೆದಿದ್ದೆ."

"ಅಯ್ಯಾ ಮಹಾನುಭಾವ! ನೀನು ಪರೀಕ್ಷೆ ಮಾಡಿಸಿದ್ದು ಬಾವೀನಲ್ಲ, ನನ್ನ ಆಯಿಲನ್ನ. ಒಳ್ಳೇ ಆಯಿಲು ಅಂತಾದ್ರೂ ಬರೆದಿದಾರಾ?"

ಇಬ್ಬರೂ ಓಡಿ ಹೋಗಿ ಅಕ್ಕನಿಗೆ ಹೇಳಿದೆವು. ಅವಳು ತಮ್ಮನನ್ನು ಮೇಲಿಂದ ಕೆಳಗೆ ನೋಡಿದಳು. "ಇನ್ನೊಂದು ಪರೀಕ್ಷೆ. ಆದರೆ ನೀನು ಬಾವಿ ಹತ್ತಿರ ಸುಳೀಕೂಡದು."

ಇನ್‌ಸ್ಪೆಕ್ಟರ್ ಪ್ರಯೋಗಾಲಯದ ಗಾಜಿನ ಬಾಟಲಿಯನ್ನೇ ತಂದು, ತಾವೇ ನೀರು ತುಂಬಿ, ಮೊಹರು ಹಾಕಿ ಒಯ್ದರು. ಹತ್ತು ದಿನ ಕ್ರೇಟುಗಳು ಅರ್ಧ ತುಂಬಿ ಹಾಗೇ ಕೂತಿದ್ದವು. ಗ್ರೀಸಣ್ಣ ಎರಡು ಸ್ಕೂಟರಿಗೆ ಬ್ರೇಕ್ ಜೋಡಿಸಿ ಮತ್ತೆ ಬಿಚ್ಚಿದ.

ವರದಿಯನ್ನು ಅಕ್ಕ ಎರಡು ಸಲ ಓದಿ, ನಂಬಿಕೆ ಬರದೆ ನನ್ನ ಕೈಯಲ್ಲೂ ಓದಿಸಿದಳು. ಆಯಿಲ್ ಇಲ್ಲ. ಗಿಡಗಳಿಗೆ ಧಾರಾಳವಾಗಿ ಹಾಕಬಹುದು. ಕುಡಿಯುವುದಕ್ಕೆ ಮಾತ್ರ ಮೂರು ತಿಂಗಳಾದ ಮೇಲೆ ಇನ್ನೊಮ್ಮೆ ನೋಡಬೇಕು. ಅವಳು ಕ್ರೇಟಿನಿಂದ ಸಸಿಗಳನ್ನು ಒಂದೊಂದಾಗಿ ಎತ್ತಿ ನೆಲಕ್ಕಿಟ್ಟಳು.

"ನಿಂತ್ಕೊಂಡು ಏನು ನೋಡ್ತೀಯೋ? ಕೈ ತೊಳ್ಕೊಂಡು ಊಟಕ್ಕೆ ಬಾ."

ಮೊಣಕೈವರೆಗೆ ಗ್ರೀಸು ಮೆತ್ತಿದ್ದ ತಮ್ಮ ಖುಷಿಯಲ್ಲಿ ನೇರ ಬಾವಿಯ ಕಡೆಗೇ ನಡೆದ.

"ಅಲ್ಲೆಲ್ಲಿಗೋ!"

ಬಯ್ಯಿಸಿಕೊಂಡ ಸಂತೋಷಕ್ಕೆ ಗ್ರೀಸಣ್ಣ ಗ್ಯಾರೇಜಿನ ನಲ್ಲಿಯತ್ತ ಓಡಿದ.