ಅವಳು ಆಡದ ಮಾತು

ಸವಿತಾ ನನಗೆ ಆ ಮಾತು ಹೇಳಿರಲಿಲ್ಲ. ಹೇಳಿದಳೆಂದು ನಾನು ಸುಳ್ಳು ಹೇಳಿದೆ. ಮೊಬೈಲಿನ ಮುಂದೆ ನಿಂತು, ಕಣ್ಣೀರು ಹಾಕುತ್ತಾ, ಊರಿಗೆಲ್ಲ ಕೇಳುವಂತೆ ಹೇಳಿದೆ.

ನಮ್ಮ ಕಡೆಯವರಾದರೆ ನೀವೂ ಆ ವಿಡಿಯೋ ನೋಡಿರಬಹುದು. ಬ್ಯಾಂಕಿನ ಕೌಂಟರಿನ ಎದುರು ವಯಸ್ಸಾದ ಹೆಂಗಸೊಬ್ಬಳು ನಿಂತಿದ್ದಾಳೆ. "ಬಡವ್ರಿಗೆ ಬ್ಯಾಂಕ್ ಎಂತಕ್ಕೆ, ಹೋಗಿ ಬೇಡ್ಕಂಡು ತಿನ್ನಿ ಅಂದ್ಳು ಈ ಹುಡ್ಗಿ" ಎಂದು ಬೆರಳು ಚಾಚಿ ತೋರಿಸುತ್ತಿದ್ದಾಳೆ. ಆ ಹೆಂಗಸು ನಾನು. ಭಟ್ಕಳದಿಂದ ಕುಮಟೆಯವರೆಗೆ ಆ ವಿಡಿಯೋ ಎಷ್ಟು ಮೊಬೈಲುಗಳಲ್ಲಿ ಓಡಾಡಿತೋ — ನೋಡಿದವರೆಲ್ಲ ನನ್ನ ಪರವಾಗಿ ಕುದಿದರು.

ಕರ್ಕಿಯ ಹತ್ತಿರದ ಹಳ್ಳಿಯೊಂದರಲ್ಲಿ ನಾನು ಅಂಗನವಾಡಿ ನಡೆಸಿದವಳು. ಊರವರಿಗೆಲ್ಲ ಅಕ್ಕೋರು. ಅವರ ಮಕ್ಕಳ ಮೂಗು ಒರೆಸಿ, ಅನ್ನ ಕಲಸಿ ಉಣಿಸಿ, 'ಸುಳ್ಳು ಹೇಳಬಾರದು' ಎಂದು ಹಾಡಿನಲ್ಲಿ ಕಲಿಸಿದವಳು. ಅದಕ್ಕೇ ಯಾರೂ ನನ್ನನ್ನು ಒಂದು ಪ್ರಶ್ನೆ ಕೂಡ ಕೇಳಲಿಲ್ಲ. ಅಕ್ಕೋರು ಹೇಳಿದ ಮೇಲೆ ಮುಗಿಯಿತು.

ಬ್ಯಾಂಕಿನ ಮೇಲೆ ನನಗಿದ್ದ ಸಿಟ್ಟು ಸುಳ್ಳಲ್ಲ. ಅದನ್ನೂ ಹೇಳಬೇಕು — ಆದರೆ ನೆಪವಾಗಿ ಅಲ್ಲ. ನನ್ನ ಖಾತೆಗೆ ಜೋಡಿಸಿದ್ದ ಮೊಬೈಲ್ ನಂಬರು ಹಳೆಯದು. ಆ ಸಿಮ್ ಕೆಟ್ಟು ಬಹಳ ಕಾಲವಾಗಿತ್ತು. ನನಗೆ ಬಾರದ ಎಸ್ಸೆಮ್ಮೆಸ್ಸಿಗೆ ತಪ್ಪದೆ ಹಣ ಮುರಿಯುತ್ತಿದ್ದರು. ನಾನು ಕೇಳದ ವಿಮೆಯೊಂದಕ್ಕೆ ಮುರಿದರು. ಹಾಗೆ ಮುರಿದೂ ಮುರಿದೂ ಖಾತೆಯಲ್ಲಿ ಹಣ ಕಡಿಮೆಯಾದಾಗ, ಕಡಿಮೆ ಇಟ್ಟಿದ್ದಕ್ಕೆ ದಂಡವೆಂದು ಮತ್ತೆ ಮುರಿದರು. ನಂಬರು ಬದಲಿಸಿ ಎಂದು ಕೇಳಲು ಹೋದರೆ ಒಮ್ಮೆ ಸರ್ವರ್ ಇಲ್ಲ, ಒಮ್ಮೆ ಊಟದ ಹೊತ್ತು, ಒಮ್ಮೆ ಮ್ಯಾನೇಜರು ರಜೆ. ಸಹಾಯವಾಣಿಗೆ ಫೋನು ಮಾಡಿದರೆ ಒಂದು ಒತ್ತಿ, ಎರಡು ಒತ್ತಿ. ಕೊನೆಗೆ ಯಾರೋ ಹಿಂದಿಯಲ್ಲಿ ಏನೋ ಹೇಳಿ ಇಟ್ಟುಬಿಡುತ್ತಿದ್ದರು. ಅಲ್ಲಿ ನಮ್ಮಂಥವರ ಮುಖವನ್ನು ಯಾರೂ ನೋಡುತ್ತಿರಲಿಲ್ಲ.

ನೋಡಿದವಳು ಸವಿತಾ ಒಬ್ಬಳೇ. ವಿಚಾರಣೆಯ ಕೌಂಟರಿನಲ್ಲಿ ಗುತ್ತಿಗೆಯ ಮೇಲೆ ಇದ್ದ ಕುಮಟೆಯ ಹುಡುಗಿ. ಅವಳೇ ನನ್ನಿಂದ ಅರ್ಜಿ ಬರೆಸಿ ಒಳಗೆ ಕೊಟ್ಟಿದ್ದಳು. "ಅಕ್ಕೋರೆ, ಕಟ್ ಆದದ್ದು ವಾಪಸ್ ಹಾಕೂ ಅಧಿಕಾರ ನಂಗಿಲ್ಲ. ನಾ ಕೇಳ್ತಾ ಇರ್ತೆ, ಆತಾ?" ಎಂದಿದ್ದಳು. ಕೇಳುತ್ತಲೂ ಇದ್ದಳು. ಒಳಗಿನವರು ಅವಳಿಗೂ ಕಿವಿಗೊಡುತ್ತಿರಲಿಲ್ಲ, ಅಷ್ಟೆ.

ಅವತ್ತು ಹೊನ್ನಾವರದ ಔಷಧಿ ಅಂಗಡಿಯಲ್ಲಿ ಯಜಮಾನರ ಇನ್ಸುಲಿನ್ ಕಟ್ಟಿಸಿ ಕಾರ್ಡು ಕೊಟ್ಟೆ. ಹಣವಿಲ್ಲ ಎಂದು ಬಂತು. ಇನ್ನೊಮ್ಮೆ ಹಾಕಿದರು, ಮತ್ತೆ ಅದೇ. ಪಕ್ಕದಲ್ಲಿ ನನ್ನ ಅಂಗನವಾಡಿಯ ಮಗುವೊಂದರ ತಂದೆ ನಿಂತಿದ್ದ. "ನಾ ಕೊಡ್ತೆ ಬಿಡಿ ಅಕ್ಕೋರೆ" ಎಂದು ತಾನೇ ಕೊಟ್ಟ. ಒಳ್ಳೆಯ ಮನಸ್ಸಿನಿಂದಲೇ ಕೊಟ್ಟ. ಆದರೆ ನನಗೆ ಅಲ್ಲೇ ನೆಲ ಬಿರಿಯಬಾರದೇ ಅನ್ನಿಸಿತು. ಔಷಧಿಯ ಚೀಲ ಹಿಡಿದು ನೇರ ಬ್ಯಾಂಕಿಗೆ ನಡೆದೆ.

ಮ್ಯಾನೇಜರು ಗಾಜಿನ ಕೋಣೆಯಲ್ಲಿ ಯಾರೊಡನೆಯೋ ನಗುತ್ತಾ ಕೂತಿದ್ದರು. ಹೊರಗೆ ಸಿಕ್ಕವಳು ಸವಿತಾ. ನಾನು ಕೂಗಾಡಿದೆ. ಅವಳು ಎದ್ದು ನಿಂತು, ದನಿ ತಗ್ಗಿಸಿ ಹೇಳಿದಳು: "ಅಕ್ಕೋರೆ, ಈ ಖಾತೆ ಇಟ್ಕಂಡ್ರೆ ದಂಡ ಬೀಳ್ತಾನೇ ಇರ್ತದೆ. ಹಣ ಇಲ್ದಿದ್ರೂ ನಡೆಯೂ ಖಾತೆ ಒಂದು ಅದೆ, ಬಡವ್ರಿಗೆ ಅಂತ್ಲೇ ಮಾಡಿದ್ದು. ಅದ್ಕೆ ಬದಲ್ಸಿ ಕೊಡ್ಲಾ?"

ಇಷ್ಟೇ ಅವಳು ಹೇಳಿದ್ದು. ನನಗೆ ದಾರಿ ತೋರಿಸಿದ್ದು. ಆದರೆ ನನಗೆ ಬೇಕಾಗಿದ್ದದ್ದು ದಾರಿಯಾಗಿರಲಿಲ್ಲ. 'ಬಡವ್ರು' ಎಂಬ ಒಂದು ಮಾತು ಮುಳ್ಳಿನ ಹಾಗೆ ನಾಟಿತು — ಅದೂ ಜನರೆಲ್ಲ ಕೇಳುವಾಗ. ಹಿಂದಿದ್ದವನೊಬ್ಬ ಮೊಬೈಲು ಎತ್ತಿ ಹಿಡಿದು, "ಎಂತಾತು ಅಕ್ಕೋರೆ? ಎಂತ ಅಂದ್ಳು ಅವ್ಳು? ಜೋರಾಗಿ ಹೇಳಿ" ಎಂದ. ಆಗ ನನ್ನ ಬಾಯಿಂದ ಆ ಮಾತು ಬಂತು. ತಪ್ಪಾಗಿ ಕೇಳಿಸಿತ್ತು ಎಂದು ಈಗ ಬರೆದರೆ ನೀವು ನಂಬಬಹುದು. ಸರಿಯಾಗಿಯೇ ಕೇಳಿಸಿತ್ತು.

ಅವಳು ಜನರ ಗಲಾಟೆಯ ನಡುವೆ ನನ್ನೊಬ್ಬಳನ್ನೇ ನೋಡುತ್ತಾ ಕೇಳಿದಳು: "ಅಕ್ಕೋರೆ, ನಾ ಹಂಗೆ ಹೇಳ್ಲಿಲ್ಲ ಅಲ್ದಾ?"

ಆಗಲೂ ಹೊತ್ತು ಮೀರಿರಲಿಲ್ಲ. 'ಹೌದು, ನೀ ಹೇಳ್ಲಿಲ್ಲ' ಎಂದಿದ್ದರೆ ಸಾಕಿತ್ತು. ನಾನು ಔಷಧಿಯ ಚೀಲದ ಗಂಟು ಬಿಚ್ಚಿ ಮತ್ತೆ ಕಟ್ಟುತ್ತಾ ನಿಂತೆ.

ಆಮೇಲೆ ಏನಾಯಿತು ಗೊತ್ತೇ? ಗಾಜಿನ ಬಾಗಿಲು ತೆರೆಯಿತು. ಅಷ್ಟು ಕಾಲ ನನ್ನ ಮುಖ ನೋಡದ ಮ್ಯಾನೇಜರು ತಾವೇ ಕುರ್ಚಿ ಹಾಕಿಸಿದರು, ಚಹಾ ತರಿಸಿದರು, ಕೈ ಮುಗಿದರು. ಮರುದಿನ ಯಾರ್‍ಯಾರೋ ಬ್ಯಾಂಕಿನ ಮುಂದೆ ಘೋಷಣೆ ಕೂಗಿದರು. ಸ್ವಲ್ಪ ದಿನದಲ್ಲೇ ಮುರಿದ ಹಣವೆಲ್ಲ ಖಾತೆಗೆ ಮರಳಿತು. ನಿಜ ಹೇಳಿಕೊಂಡು ಅಲೆದಾಗ ಬಾರದ ಹಣ, ಒಂದು ಸುಳ್ಳಿಗೆ ಓಡಿ ಬಂತು. ಸವಿತಾಳನ್ನು ಅಷ್ಟರೊಳಗೆ ಕೆಲಸದಿಂದ ತೆಗೆದಿದ್ದರು. ಗುತ್ತಿಗೆಯವಳಲ್ಲವೇ, ತೆಗೆಯಲು ಕಾರಣವೂ ಬೇಕಿರಲಿಲ್ಲ.

ನನಗೆ ನಿದ್ದೆ ಬರಲಿಲ್ಲ ಎಂದು ಹೇಳಲಾರೆ. ಬಂತು. ಊರಿನ ಸ್ವಸಹಾಯ ಸಂಘದ ಹೆಂಗಸರು "ಅಕ್ಕೋರು ಒಬ್ರೇ ಬ್ಯಾಂಕಿನವ್ರ ಸೊಕ್ಕು ಮುರಿದ್ರು" ಎಂದು ಹೊಗಳಿದಾಗ ಸುಮ್ಮನೆ ನಕ್ಕೆ. ಕೆಲವು ತಿಂಗಳ ಮೇಲೆ ಬೇರೊಂದು ಹೆಸರಿನಲ್ಲಿ ಹಣ ಮುರಿಯುವುದು ಮತ್ತೆ ಶುರುವಾಯಿತು. ವಿಚಾರಿಸೋಣವೆಂದು ಹೋದರೆ ಸವಿತಾಳ ಕುರ್ಚಿ ಖಾಲಿ ಇತ್ತು.

ವರ್ಷಗಳು ಕಳೆದವು. ಮೊನ್ನೆ ಮದುವೆಯೊಂದಕ್ಕೆ ಸೀರೆ ತರಲು ಕುಮಟೆಗೆ ಹೋಗಿದ್ದೆ. ಬಟ್ಟೆ ಅಂಗಡಿಯಲ್ಲಿ ಸೀರೆ ಬಿಡಿಸಿ ಹಾಕುತ್ತಿದ್ದವಳು ಸವಿತಾ. ನನ್ನನ್ನು ನೋಡಿದ ಕೂಡಲೇ ಗುರುತು ಹಿಡಿದಳು. ಕೈ ಒಂದು ಗಳಿಗೆ ನಿಂತಿತು, ಆಮೇಲೆ "ಯಾವ ನಮೂನಿ ತೋರಿಸ್ಲಿ?" ಎಂದಳು. ಅಕ್ಕೋರೆ ಎನ್ನಲಿಲ್ಲ.

ನಾನು ಅಂಗಡಿಯಲ್ಲೇ ಅತ್ತೆ. "ನಂದೇ ತಪ್ಪು. ನೀ ಹಂಗೆ ಹೇಳ್ಲೇ ಇಲ್ಲ. ನಾ ಸುಳ್ಳು ಹೇಳ್ದೆ" ಎಂದೆ.

ಅವಳು ಸೀರೆ ಮಡಚುವುದನ್ನು ನಿಲ್ಲಿಸಲಿಲ್ಲ. "ಅದನ್ನ ನಂಗೆ ಹೇಳೂದು ಎಂತಕ್ಕೆ? ನಾ ಹೇಳ್ಲಿಲ್ಲ ಅಂತ ನಂಗೆ ಗೊತ್ತಿದ್ದೇ ಅಲ್ದಾ?" ಎಂದಳು. ಇನ್ನೊಂದು ಸೀರೆ ಎಳೆದುಕೊಂಡು, "ಇಲ್ಲೇ ಆಸ್ಪತ್ರೆಯ ಆಫೀಸಲ್ಲಿ ಕೆಲ್ಸ ಆಗೂದಿತ್ತು. ಅಲ್ಲಿ ಒಬ್ರು, ಆ ವಿಡಿಯೋದವ್ಳು ನೀನೇ ಅಲ್ದಾ ಅಂದ್ರು. ನನ್ನ ಅಪ್ಪನೂ ಕೇಳ್ದ, ನಿಜ ಹೇಳು, ಅಂದದ್ದು ಹೌದಾ ಅಂತ. ಅವ್ನು ಸಾಯೂವರಿಗೂ ನನ್ನ ಪೂರ್ತಿ ನಂಬ್ಲಿಲ್ಲ. ಅಂಗನವಾಡಿ ಅಕ್ಕೋರು ಯಾಕೆ ಸುಳ್ಳು ಹೇಳ್ತ್ರು ಅಂತಿದ್ದ. ಹೇಳೂದಿದ್ರೆ ಆ ವಿಡಿಯೋ ನೋಡ್ದವ್ರಿಗೆ ಹೇಳಿ" ಎಂದಳು.

ಬೇರೆ ಗಿರಾಕಿ ಕರೆದರು. ಅವಳು ಹೋದಳು. ನಾನು ಸೀರೆ ಕೊಳ್ಳದೆ ಇಳಿದು ಬಂದೆ.

ಊರಿಗೆ ಬಂದು ಸಂಘದ ಸಭೆಯಲ್ಲಿ ಎದ್ದು ನಿಂತು ಎಲ್ಲ ಹೇಳಿದೆ. ಆಮೇಲೆ ಒಬ್ಬಳು, "ಹೋಗ್ಲಿ ಬಿಡಿ ಅಕ್ಕೋರೆ, ಹಳೇದು. ದುಡ್ಡು ಬಂತಲ್ಲ" ಎಂದಳು. ಉಳಿದವರು ತಲೆಯಾಡಿಸಿದರು. ಪಕ್ಕದ ಮನೆಯವಳ ಕೈಗೆ ಮೊಬೈಲು ಕೊಟ್ಟು, ನನ್ನ ಹೆಸರು, ಊರು, ಮಾಡಿದ ತಪ್ಪು ಎಲ್ಲ ಹೇಳಿ ವಿಡಿಯೋ ಮಾಡಿಸಿದೆ. ನನಗೆ ಗೊತ್ತಿದ್ದ ಎಲ್ಲ ಗುಂಪುಗಳಿಗೆ ಕಳಿಸಿದೆ. ಕೆಲವರು ಕೈ ಮುಗಿದ ಚಿತ್ರ ಹಾಕಿದರು. ಮುಂದಕ್ಕೆ ಯಾರೂ ಕಳಿಸಲಿಲ್ಲ. ಮೊದಲನೆಯದು ಕಾಳ್ಗಿಚ್ಚಿನಂತೆ ಹಬ್ಬಿತ್ತು. ಇದು ಬಿದ್ದಲ್ಲೇ ಬಿದ್ದಿದೆ.

ಹಾಗಾಗಿ ಇಲ್ಲಿ ಬರೆಯುತ್ತಿದ್ದೇನೆ. ಇದನ್ನೂ ಎಷ್ಟು ಜನ ಓದುತ್ತಾರೋ — ಓದಿದ ನೀವಾದರೂ ಇನ್ನೊಬ್ಬರಿಗೆ ಹೇಳಿ. ಸೋಮವಾರ ಕುಮಟೆಗೆ ಹೋಗುವವಳಿದ್ದೇನೆ, ಅವಳಿಗೆ ಕೆಲಸ ಕೊಡದೆ ಕಳಿಸಿದ ಆ ಆಸ್ಪತ್ರೆಯ ಆಫೀಸಿಗೆ. ಅದರಿಂದ ಅವಳಿಗೆ ಕೆಲಸ ಸಿಗಲಿಕ್ಕಿಲ್ಲ, ಅವಳ ಅಪ್ಪನ ಕಿವಿಗೆ ಅದು ಮುಟ್ಟುವುದೂ ಇಲ್ಲ. ಗೊತ್ತು. ಆದರೂ ಹೋಗುತ್ತೇನೆ. ಕೂರಿಸದಿದ್ದರೆ ನಿಂತೇ ಹೇಳಿ ಬರುತ್ತೇನೆ.